ಪಟ್ಟಿಯಿಂದ ದಾಖಲೆಗೆ: ಜಾಲಪುಟಗಳ ಕೊಂಡಿಯ ಚರಿತ್ರೆಯನ್ನು ಕುರಿತು ಒಂದು ಪರಿಶೀಲನೆ

೧

ಪಟ್ಟಿಯನ್ನು ತೆರೆಯುವ ಓದುಗನಿಗೆ ಪಟ್ಟಿಯೇ ಗುರಿಯಾಗಿರುವುದು ಅಪೂರ್ವ. ಗ್ರಂಥಾಲಯದ ಸೂಚಿಯನ್ನು ನೋಡುವವನಿಗೆ ಗ್ರಂಥ ಬೇಕು. ಶಾಸನಗಳ ಅನುಕ್ರಮಣಿಕೆಯನ್ನು ನೋಡುವವನಿಗೆ ಶಾಸನದ ಪಾಠ ಬೇಕು. ಪಟ್ಟಿಯ ಒಂದು ಸಾಲಿನಿಂದ ಆ ಸಾಲು ಸೂಚಿಸುವ ವಸ್ತುವಿನ ಬಳಿಗೆ ಓದುಗನನ್ನು ತಪ್ಪದೆ ಕೊಂಡೊಯ್ಯುವ ಏರ್ಪಾಡು ಇಲ್ಲದಿದ್ದರೆ ಪಟ್ಟಿ ಎಷ್ಟೇ ದೊಡ್ಡದಾಗಿದ್ದರೂ ನಿರರ್ಥಕ. ಇಂದು ಕಂಪ್ಯೂಟರಿನ ಜಾಲದಲ್ಲಿ ನಾವು ದಿನವೂ ಕಾಣುವ ಪಟ್ಟಿಪುಟ, ಅದರ ಒಂದೊಂದು ಸಾಲನ್ನೂ ಒತ್ತಿದಾಗ ತೆರೆಯುವ ದಾಖಲೆಪುಟ, ಇವೆರಡನ್ನೂ ಬೆಸೆಯುವ ಕೊಂಡಿ, ಇವು ಅತಿ ಸಾಮಾನ್ಯವೆಂದು ತೋರುತ್ತವೆ. ಆದರೆ ಈ ಕೊಂಡಿ ಇಂದಿನ ರೂಪಕ್ಕೆ ಬರಲು ದೀರ್ಘಕಾಲ ಹಿಡಿಯಿತು. ಅದರ ಹಿಂದಿರುವ ಪ್ರಶ್ನೆಗಳು ಕಂಪ್ಯೂಟರಿಗಿಂತ ಬಹು ಪ್ರಾಚೀನವಾದುವು. ಈ ಚರಿತ್ರೆಯ ಮುಖ್ಯ ಘಟ್ಟಗಳನ್ನು ಗುರುತಿಸಿ, ಅದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ದೊರೆಯುವ ಪಾಠವೇನೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದ್ದು, ಚರಿತ್ರೆಯ ವಿಭಾಗಕ್ಕೆ ಇದರಿಂದ ಏನಾಗಬೇಕು ಎಂದು ಕೆಲವರು ಕೇಳಬಹುದು. ಸಂಶೋಧಕನ ಪ್ರತಿಯೊಂದು ಹೇಳಿಕೆಯೂ ಒಂದು ಆಧಾರವನ್ನು ಅವಲಂಬಿಸಿರುತ್ತದೆ. ಆ ಆಧಾರವನ್ನು ಇನ್ನೊಬ್ಬನು ತೆರೆದು ನೋಡಲು ಸಾಧ್ಯವಾದಾಗ ಮಾತ್ರ ಅದು ಪ್ರಮಾಣವೆನಿಸುತ್ತದೆ. ಈಗ ಆಧಾರಗಳಲ್ಲಿ ಬಹುಭಾಗ ಜಾಲದಲ್ಲಿಯೇ ಇರುವುದರಿಂದ ದಾಖಲೆಯ ವಿಳಾಸದ ಪ್ರಶ್ನೆ ಪ್ರಮಾಣದ ಪ್ರಶ್ನೆಯೇ ಆಗಿದೆ.

೨

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಗ್ರಂಥಭಂಡಾರಕ್ಕೆ ಸಂಬಂಧಿಸಿದಂತೆ ಕ್ಯಾಲಿಮಾಕಸ್ ಎಂಬ ಗ್ರೀಕ್ ಕವಿ ರಚಿಸಿದ 'ಪಿನಕೆಸ್' ಎಂಬ ಸೂಚಿ ಪ್ರಸಿದ್ಧವಾಗಿದೆ. ಅದು ೧೨೦ ಸುರುಳಿಗಳಷ್ಟಿತ್ತೆಂದು ಪ್ರತೀತಿ. ಈಗ ಉಳಿದಿರುವುದು ತುಣುಕುಗಳು ಮಾತ್ರ. ಗ್ರಂಥಕರ್ತನ ಹೆಸರಿನೊಡನೆ ಗ್ರಂಥದ ಮೊದಲ ಮಾತುಗಳನ್ನೂ ಸಾಲುಗಳ ಸಂಖ್ಯೆಯನ್ನೂ ಅದರಲ್ಲಿ ಕೊಟ್ಟಿದ್ದುದು ತಿಳಿದುಬರುತ್ತದೆ. ಒಂದೇ ಹೆಸರಿನ ಕೃತಿಗಳು ಹಲವಿರುವಾಗ ಇದು ಯಾವುದು ಎಂದು ನಿರ್ಧರಿಸಲು ಈ ವಿವರಗಳು ನೆರವಾಗುತ್ತಿದ್ದವು. ಪಟ್ಟಿಯ ಸಾಲಿಗೂ ವಸ್ತುವಿಗೂ ನಡುವೆ ಒಂದು ಗುರುತು ಇರಬೇಕೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, ೧೭೯೧ರಲ್ಲಿ, ಮಠಗಳಿಂದಲೂ ಇತರರಿಂದಲೂ ವಶಪಡಿಸಿಕೊಂಡ ಗ್ರಂಥಗಳನ್ನು ಇಸ್ಪೀಟಿನ ಎಲೆಗಳ ಖಾಲಿ ಬೆನ್ನಿನ ಮೇಲೆ ಒಂದಕ್ಕೊಂದರಂತೆ ನಮೂದಿಸುವ ಕ್ರಮವನ್ನು ಗೊತ್ತುಮಾಡಿದರು. ಹೀಗೆ ಪಟ್ಟಿಯು ಬಿಡಿಬಿಡಿಯಾದ ದಾಖಲೆಗಳ ಸಮೂಹವಾಯಿತು. ಹೊಸದೊಂದು ಎಲೆಯನ್ನು ನಡುವೆ ಸೇರಿಸಿದರೆ ಉಳಿದುವು ಕೆಡುತ್ತಿರಲಿಲ್ಲ. ಮುಂದೆ ೧೮೭೬ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ತನ್ನ ದಶಾಂಶ ವರ್ಗೀಕರಣವನ್ನು ಪ್ರಕಟಿಸಿದನು. ಅದಕ್ಕೆ ಹಿಂದೆ ಅನೇಕ ಗ್ರಂಥಾಲಯಗಳಲ್ಲಿ ಗ್ರಂಥದ ಸಂಖ್ಯೆಯೆಂದರೆ ಅದು ಇರುವ ಕೋಣೆ, ಬೀರು, ಹಲಗೆಗಳ ಸಂಖ್ಯೆಯಾಗಿತ್ತು. ಬೀರುವನ್ನು ಬದಲಾಯಿಸಿದರೆ ಸೂಚಿಯನ್ನೂ ಬದಲಾಯಿಸಬೇಕಾಗುತ್ತಿತ್ತು. ಡ್ಯೂಯಿಯ ಕ್ರಮದಲ್ಲಿ ಸಂಖ್ಯೆಯು ಸ್ಥಳಕ್ಕೆ ಅಂಟದೆ ಗ್ರಂಥಕ್ಕೆ ಅಂಟಿತು. ನಮ್ಮ ದೇಶದಲ್ಲಿ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ಪ್ರಕಟಿಸಿದ ದ್ವಿಬಿಂದು ವರ್ಗೀಕರಣದ ಮೂಲಕ ಈ ವಿಚಾರವನ್ನು ಮತ್ತಷ್ಟು ಸೂಕ್ಷ್ಮವಾಗಿ ಬೆಳೆಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಅವರು ಸ್ಥಾಪಿಸಿದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವು ಈ ಪರಂಪರೆಯನ್ನು ಕರ್ಣಾಟಕಕ್ಕೆ ಹತ್ತಿರವಾಗಿಸಿತು. ಓದುಗನ ಕಾಲವನ್ನು ಉಳಿಸುವುದನ್ನು ಅವರು ಗ್ರಂಥಾಲಯಶಾಸ್ತ್ರದ ನಾಲ್ಕನೆಯ ಸೂತ್ರವಾಗಿ ಇರಿಸಿದ್ದರೆಂಬುದನ್ನು ಇಲ್ಲಿ ನೆನೆಯುವುದು ಉಚಿತ.

೩

ಈ ಪ್ರಶ್ನೆಗೆ ನಮ್ಮ ನಾಡಿನ ಚರಿತ್ರೆಕಾರರಿಗೆ ಚಿರಪರಿಚಿತವಾದ ಒಂದು ನಿದರ್ಶನವಿದೆ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ಣಾಟಿಕಾ'ದ ಸಂಪುಟಗಳು ೧೮೮೬ರಿಂದ ಮೊದಲ್ಗೊಂಡು ಪ್ರಕಟವಾದುವು. ಅವುಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕೇತಾಕ್ಷರಗಳನ್ನೂ ಒಂದು ಕ್ರಮಸಂಖ್ಯೆಯನ್ನೂ ಕೊಡಲಾಗಿದೆ. ಕದಂಬರ ಚರಿತ್ರೆಗೆ ಆಧಾರವಾದ ತಾಳಗುಂದದ ಸ್ತಂಭಶಾಸನವನ್ನು ಏಳನೆಯ ಸಂಪುಟದ ಶಿಕಾರಿಪುರ ೧೭೬ ಎಂದರೆ ಸಾಕು, ವಿದ್ವಾಂಸರು ಅದನ್ನು ಗುರುತಿಸುತ್ತಾರೆ. ಸಂಪುಟದಲ್ಲಿ ಕಾಲಾನುಕ್ರಮದ ಪಟ್ಟಿ ಒಂದು ಕಡೆ, ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಲಿಪಿಯ ಪಾಠ ಒಂದು ಕಡೆ, ಕನ್ನಡ ಲಿಪಿಯ ಪಾಠ ಮತ್ತೊಂದು ಕಡೆ ಇರುತ್ತವೆ. ಇವೆಲ್ಲವನ್ನೂ ಬೆಸೆಯುವ ಸೂತ್ರ ಆ ಒಂದೇ ಸಂಖ್ಯೆ. ಪಟ್ಟಿಯಲ್ಲಿ ಸಂಖ್ಯೆಯನ್ನು ಕಂಡವನು ಅದರ ಆಧಾರದಿಂದ ಬೇಕಾದ ಭಾಗಕ್ಕೆ ಹೋಗಬಹುದು. ಪಟ್ಟಿಪುಟ, ದಾಖಲೆಪುಟಗಳ ಸಂಬಂಧ ಅಚ್ಚಿನ ಪುಸ್ತಕದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ತೋರುವುದು ಕಷ್ಟ.

ಇದೇ ಗ್ರಂಥಮಾಲೆ ಸಂಖ್ಯೆಗಳ ಅಸ್ಥಿರತೆಗೂ ನಿದರ್ಶನವನ್ನು ಒದಗಿಸುತ್ತದೆ. ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ರೈಸ್ ಅವರು ೧೮೮೯ರಲ್ಲಿ ಹೊರತಂದಾಗ ಅದರಲ್ಲಿ ೧೪೪ ಶಾಸನಗಳಿದ್ದುವು. ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ಪ್ರಕಟಿಸಿದ ಆವೃತ್ತಿಯಲ್ಲಿ ಅವು ೫೦೦ ಆದುವು. ಹೊಸ ಶಾಸನಗಳು ಸೇರಿ ಕ್ರಮ ಬದಲಾದುದರಿಂದ ಹಳೆಯ ಸಂಖ್ಯೆಗಳು ಹಾಗೆಯೇ ಉಳಿಯಲಿಲ್ಲ. ಆದಕಾರಣ ಹೊಸ ಸಂಖ್ಯೆಯೊಡನೆ ಹಳೆಯ ಸಂಖ್ಯೆಯನ್ನೂ ಕಂಸದಲ್ಲಿ ಕೊಡುವ ವಾಡಿಕೆ ವಿದ್ವಾಂಸರಲ್ಲಿ ನೆಲೆಗೊಂಡಿತು. ಇನ್ನೊಂದು ಬದಲಾವಣೆ ಆಡಳಿತದಿಂದ ಬಂದಿತು. ರೈಸ್ ಅವರ ಕಾಲದಲ್ಲಿ ಮಂಡ್ಯ, ಮಳವಳ್ಳಿ, ನಾಗಮಂಗಲ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದುವು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೨ರಿಂದ ಪರಿಷ್ಕೃತ ಆವೃತ್ತಿಯನ್ನು ಹೊರತರಲು ತೊಡಗಿದಾಗ ಸಂಪುಟಗಳ ವಿಂಗಡಣೆಯೇ ಬೇರೆಯಾಯಿತು. ಹೀಗಿರಲಾಗಿ ಈಗ ಶಾಸನವನ್ನು ಉಲ್ಲೇಖಿಸುವವನು ಆವೃತ್ತಿ ಯಾವುದೆಂದು ಹೇಳದಿದ್ದರೆ ಓದುಗನು ಬೇರೊಂದು ಶಾಸನದ ಮುಂದೆ ನಿಲ್ಲುವ ಸಂಭವವುಂಟು. ದಾಖಲೆ ಇರುತ್ತದೆ, ಪಟ್ಟಿಯೂ ಇರುತ್ತದೆ. ಕೆಟ್ಟಿರುವುದು ನಡುವಣ ಕೊಂಡಿ ಮಾತ್ರ. ಜಾಲದ ಚರಿತ್ರೆಯಲ್ಲಿ ನಾವು ಕಾಣುವುದೂ ಇದೇ ಬಗೆಯ ತೊಡಕುಗಳನ್ನು.

೪

ಗ್ರಂಥದಿಂದ ಗ್ರಂಥಕ್ಕೆ ಯಾಂತ್ರಿಕವಾಗಿ ಸಾಗಬಹುದೆಂಬ ಕಲ್ಪನೆಯನ್ನು ೧೯೪೫ರಲ್ಲಿ ವ್ಯಾನೆವರ್ ಬುಷ್ ಒಂದು ಲೇಖನದಲ್ಲಿ ಮುಂದಿಟ್ಟನು. ೧೯೬೫ರಲ್ಲಿ ಟೆಡ್ ನೆಲ್ಸನ್ ಇಂಥ ಬರೆಹಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರನ್ನು ಕೊಟ್ಟನು. ೧೯೭೦ರಲ್ಲಿ ಎಡ್ಗರ್ ಕಾಡ್ ದತ್ತಾಂಶಗಳನ್ನು ಕೋಷ್ಟಕಗಳಾಗಿ ಇರಿಸುವ ಸಂಬಂಧಾತ್ಮಕ ಮಾದರಿಯನ್ನು ಪ್ರತಿಪಾದಿಸಿದನು. ಆ ಮಾದರಿಯಲ್ಲಿ ಕೋಷ್ಟಕದ ಪ್ರತಿಯೊಂದು ಸಾಲನ್ನೂ ಇನ್ನೊಂದರಿಂದ ಬೇರ್ಪಡಿಸುವ ಒಂದು ಕೀಲಿ ಇರುತ್ತದೆ. ಇದನ್ನು ಪ್ರಾಥಮಿಕ ಕೀಲಿ ಎನ್ನುತ್ತಾರೆ. ಸಾಲು ಡಿಸ್ಕಿನಲ್ಲಿ ಎಲ್ಲಿದೆಯೆಂಬುದನ್ನು ಕೇಳುವವನು ತಿಳಿಯಬೇಕಾಗಿಲ್ಲ, ಕೀಲಿಯೊಂದಿದ್ದರೆ ಸಾಕು. ಡ್ಯೂಯಿ ಗ್ರಂಥವನ್ನು ಬೀರುವಿನಿಂದ ಬಿಡಿಸಿದಂತೆ ಕಾಡ್ ದಾಖಲೆಯನ್ನು ಯಂತ್ರದೊಳಗಿನ ಸ್ಥಳದಿಂದ ಬಿಡಿಸಿದನೆಂದು ಹೇಳಬಹುದು.

೧೯೮೯ರ ಮಾರ್ಚಿಯಲ್ಲಿ ಜಿನೀವದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮಂಡಿಸಿದ ಸಲಹೆಯಿಂದ ವಿಶ್ವವ್ಯಾಪಿ ಜಾಲ ಹುಟ್ಟಿತು. ಅದರಲ್ಲಿ ಪ್ರತಿಯೊಂದು ಪುಟಕ್ಕೂ ಒಂದು ವಿಳಾಸ ಉಂಟು. ಮೊದಮೊದಲು ಪುಟವೆಂದರೆ ಸರ್ವರಿನಲ್ಲಿ ಬರೆದಿಟ್ಟ ಒಂದು ಕಡತವಾಗಿದ್ದು, ವಿಳಾಸವೆಂದರೆ ಬಹುಮಟ್ಟಿಗೆ ಆ ಕಡತದ ದಾರಿಯಾಗಿತ್ತು. ಪಟ್ಟಿಪುಟವನ್ನು ಕೈಯಿಂದಲೇ ಬರೆದು, ಒಂದೊಂದು ಸಾಲಿಗೂ ಕೊಂಡಿಯನ್ನು ಕೈಯಿಂದಲೇ ಹಾಕಬೇಕಾಗಿತ್ತು. ನೂರು ದಾಖಲೆಗಳಿದ್ದರೆ ನೂರು ಕಡತಗಳು, ನೂರು ಕೊಂಡಿಗಳು. ಕಡತವನ್ನು ಬೇರೆಡೆಗೆ ಸರಿಸಿದರೆ ಕೊಂಡಿ ಮುರಿಯಿತು. ಬೀರುವಿನ ಸಂಖ್ಯೆಯ ಹಳೆಯ ಕಾಲವೇ ಹೊಸ ವೇಷದಲ್ಲಿ ಮರಳಿ ಬಂದಿತ್ತು.

೧೯೯೩ರಲ್ಲಿ ಬಂದ ಸಿ.ಜಿ.ಐ. ಎಂಬ ಏರ್ಪಾಡಿನಿಂದ ಸರ್ವರು ಒಂದು ಕ್ರಮವಿಧಿಯನ್ನು ನಡೆಸಿ ಪುಟವನ್ನು ಆಗಲೇ ರಚಿಸಿ ಕೊಡುವುದು ಸಾಧ್ಯವಾಯಿತು. ಈಗ ಪಟ್ಟಿಯನ್ನು ಕೋಷ್ಟಕದಿಂದ ತೆಗೆದು, ಪ್ರತಿಯೊಂದು ಸಾಲಿಗೂ ಅದರ ಕೀಲಿಯನ್ನು ಸೇರಿಸಿದ ವಿಳಾಸವನ್ನು ಕ್ರಮವಿಧಿಯೇ ಬರೆಯತೊಡಗಿತು. ವಿಳಾಸದ ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಮುಂದೆ ದಾಖಲೆಯ ಸಂಖ್ಯೆ. ಇದು ಆ ಕಾಲದ ಸಾಮಾನ್ಯ ರೂಪ. ದಾಖಲೆಪುಟವನ್ನು ರಚಿಸುವ ಕ್ರಮವಿಧಿ ಒಂದೇ. ಸಂಖ್ಯೆ ಬೇರೆಯಾದಂತೆ ಪುಟ ಬೇರೆ. ಸಾವಿರ ದಾಖಲೆಗಳಿಗೆ ಸಾವಿರ ಕಡತಗಳನ್ನು ಬರೆಯುವ ಕೆಲಸ ಹೀಗೆ ತಪ್ಪಿತು.

ಆದರೆ ಎಲ್ಲ ಏರ್ಪಾಡುಗಳೂ ಈ ದಾರಿಯನ್ನು ಹಿಡಿಯಲಿಲ್ಲ. ಕೆಲವು ವ್ಯವಸ್ಥೆಗಳಲ್ಲಿ ಓದುಗನು ಆರಿಸಿದ ದಾಖಲೆ ಯಾವುದೆಂಬುದನ್ನು ಸರ್ವರು ತನ್ನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ದಾಖಲೆಗೆ ಸ್ವಂತ ವಿಳಾಸವೇ ಇರುತ್ತಿರಲಿಲ್ಲ. ಅಂಥ ಪುಟದ ವಿಳಾಸವನ್ನು ಬರೆದುಕೊಂಡು ಮರುದಿನ ತೆರೆದರೆ ಕಾಲಾವಧಿ ಮುಗಿದಿದೆ ಎಂಬ ಉತ್ತರ ಬರುತ್ತಿತ್ತು. ಸಂಶೋಧಕನ ದೃಷ್ಟಿಯಿಂದ ಇದು ಅಡಿಟಿಪ್ಪಣಿಯನ್ನೇ ಅಸಾಧ್ಯವಾಗಿಸುವ ದೋಷ. ೧೯೯೮ರಲ್ಲಿ ಬರ್ನರ್ಸ್-ಲೀ ಒಂದು ಪ್ರಬಂಧವನ್ನು ಬರೆದು, ಉತ್ತಮವಾದ ವಿಳಾಸವು ಬದಲಾಗಬಾರದೆಂದೂ, ಬದಲಾವಣೆಗೆ ಕಾರಣ ಬಹುಮಟ್ಟಿಗೆ ಮನುಷ್ಯರೇ ಎಂದೂ ವಾದಿಸಿದನು. ೨೦೦೦ದಲ್ಲಿ ರಾಯ್ ಫೀಲ್ಡಿಂಗ್ ತನ್ನ ಸಂಶೋಧನ ಮಹಾಪ್ರಬಂಧದಲ್ಲಿ, ಜಾಲದ ಮೂಲಘಟಕವು ಗುರುತುಳ್ಳ ಸಂಪನ್ಮೂಲವೆಂಬ ತತ್ತ್ವವನ್ನು ಶಾಸ್ತ್ರೀಯವಾಗಿ ನಿರೂಪಿಸಿದನು.

೫

ಈ ತತ್ತ್ವಗಳು ದೈನಂದಿನ ಬಳಕೆಗೆ ಬಂದುದು ಜಾಲಚೌಕಟ್ಟುಗಳ ಮೂಲಕ. ಪ್ರತಿಯೊಂದು ಜಾಲತಾಣಕ್ಕೂ ಬೇಕಾಗುವ ಸಾಮಾನ್ಯ ಕೆಲಸಗಳನ್ನು ಮೊದಲೇ ಸಿದ್ಧಪಡಿಸಿ ಕೊಡುವ ಕ್ರಮವಿಧಿಗಳ ಸಮೂಹಕ್ಕೆ ಚೌಕಟ್ಟು ಎಂದು ಹೆಸರು. ೨೦೦೪ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ಪ್ರಕಟಿಸಿದ 'ರೂಬಿ ಆನ್ ರೈಲ್ಸ್', ೨೦೦೫ರಲ್ಲಿ ಪ್ರಕಟವಾದ 'ಜ್ಯಾಂಗೊ', ಇವೆರಡೂ ಈ ಚರಿತ್ರೆಯಲ್ಲಿ ಗಣನೀಯವಾದುವು. ೨೦೦೭ರಲ್ಲಿ ಬಂದ ರೈಲ್ಸಿನ ೧.೨ನೆಯ ಆವೃತ್ತಿಯ ಹೊತ್ತಿಗೆ, ಒಂದು ಬಗೆಯ ದಾಖಲೆಯ ಹೆಸರನ್ನು ಒಂದೇ ಸಾಲಿನಲ್ಲಿ ಘೋಷಿಸಿದರೆ ಏಳು ಕ್ರಿಯೆಗಳಿಗೆ ದಾರಿಗಳು ತಾವಾಗಿಯೇ ಏರ್ಪಡುತ್ತಿದ್ದುವು. ಅವುಗಳಲ್ಲಿ ಮೊದಲನೆಯದು ಪಟ್ಟಿ. ಇನ್ನೊಂದು ಬಿಡಿ ದಾಖಲೆಯ ದರ್ಶನ. 'ಶಾಸನಗಳು' ಎಂಬುದು ಪಟ್ಟಿಯ ವಿಳಾಸವಾದರೆ 'ಶಾಸನಗಳು/೧೭೬' ಎಂಬುದು ದಾಖಲೆಯ ವಿಳಾಸ. ರೈಸ್ ಅವರ ಸಂಕೇತಕ್ಕೂ ಇದಕ್ಕೂ ಇರುವ ಸಾಮ್ಯ ಗಮನಾರ್ಹ.

ಜ್ಯಾಂಗೊವಿನ ಮೂಲ ಇನ್ನೂ ಕುತೂಹಲಕರವಾದುದು. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯಲ್ಲಿ ಆಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬಿಬ್ಬರು ೨೦೦೩ರಲ್ಲಿ ಅದರ ಕೆಲಸಕ್ಕೆ ತೊಡಗಿದರು. ಪತ್ರಿಕೆಗೆ ಬೇಕಾದುದು ದಿನದಿನವೂ ಬೆಳೆಯುವ ವರದಿಗಳ ಪಟ್ಟಿ, ಪ್ರತಿಯೊಂದು ವರದಿಗೂ ಒಂದು ಪುಟ. ಈ ಅಗತ್ಯದ ಗುರುತು ಆ ಚೌಕಟ್ಟಿನ ಮೈಮೇಲೆಯೇ ಇದೆ. ವಿಳಾಸದಲ್ಲಿ ಬಳಸುವ ಚಿಕ್ಕ ಹೆಸರಿಗೆ ಅದರಲ್ಲಿ 'ಸ್ಲಗ್' ಎನ್ನುತ್ತಾರೆ. ಅದು ಪತ್ರಿಕಾ ಕಚೇರಿಯ ಮಾತು. ಸಿದ್ಧವಾಗುತ್ತಿರುವ ವರದಿಯನ್ನು ಗುರುತಿಸಲು ಇಡುವ ಕಿರುಹೆಸರು.

ಕೊಂಡಿಯ ರಚನೆಯಲ್ಲಿ ಜ್ಯಾಂಗೊ ಅನುಸರಿಸಿದ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಒಂದು ಕಡೆ ವಿಳಾಸಗಳ ಮಾದರಿಗಳನ್ನೆಲ್ಲ ಬರೆದು ಪ್ರತಿಯೊಂದಕ್ಕೂ ಒಂದು ಹೆಸರನ್ನು ಇಡುತ್ತಾರೆ. ಓದುಗನ ಕೋರಿಕೆ ಬಂದಾಗ ವಿಳಾಸವನ್ನು ಈ ಮಾದರಿಗಳೊಡನೆ ಹೋಲಿಸಿ, ಅದರಿಂದ ಕೀಲಿಯನ್ನು ಬಿಡಿಸಿ, ದಾಖಲೆಯನ್ನು ಹುಡುಕುತ್ತಾರೆ. ದಾಖಲೆ ಇಲ್ಲದಿದ್ದರೆ ೪೦೪ ಎಂಬ ಉತ್ತರ. ಪಟ್ಟಿಪುಟವನ್ನು ರಚಿಸುವಾಗ ಇದೇ ಕ್ರಿಯೆಯನ್ನು ತಿರುವುಮುರುವು ಮಾಡುತ್ತಾರೆ: ಮಾದರಿಯ ಹೆಸರನ್ನೂ ಕೀಲಿಯನ್ನೂ ಕೊಟ್ಟರೆ ಚೌಕಟ್ಟು ವಿಳಾಸವನ್ನು ಕಟ್ಟಿಕೊಡುತ್ತದೆ. ಇದಲ್ಲದೆ, ದಾಖಲೆಯೇ ತನ್ನ ವಿಳಾಸವನ್ನು ಹೇಳುವಂತೆ ಒಂದು ವಿಧಿಯನ್ನು ಅದಕ್ಕೆ ಸೇರಿಸಬಹುದು. ಆಗ ಪಟ್ಟಿಪುಟದಲ್ಲಿ ಎಲ್ಲಿಯೂ ವಿಳಾಸವನ್ನು ಕೈಯಿಂದ ಬರೆಯಬೇಕಾಗಿಲ್ಲ. ಹತ್ತು ಪಟ್ಟಿಗಳಲ್ಲಿ ಒಂದೇ ದಾಖಲೆ ಕಾಣಿಸಿಕೊಂಡರೂ ವಿಳಾಸದ ನಿಯಮ ಒಂದೇ ಕಡೆ ಇರುತ್ತದೆ. ನಿಯಮ ಬದಲಾದರೆ ಹತ್ತೂ ಪಟ್ಟಿಗಳು ಒಟ್ಟಿಗೆ ಬದಲಾಗುತ್ತವೆ. ೨೦೧೧ರಲ್ಲಿ ಬಂದ ೧.೩ನೆಯ ಆವೃತ್ತಿಯಲ್ಲಿ ಪಟ್ಟಿದರ್ಶನ, ವಿವರದರ್ಶನ ಎಂಬ ಎರಡು ಸಿದ್ಧ ವರ್ಗಗಳನ್ನು ಕೊಟ್ಟುದರಿಂದ ಈ ಜೋಡಿಯೇ ಜಾಲರಚನೆಯ ಮೊದಲ ಪಾಠವಾಗಿ ವಿದ್ಯಾರ್ಥಿಗಳಿಗೆ ಪರಿಚಿತವಾಯಿತು.

ಕನ್ನಡಕ್ಕೆ ಸಂಬಂಧಿಸಿದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾಗದು. ಶೀರ್ಷಿಕೆಯಿಂದ ಸ್ಲಗ್ಗನ್ನು ರಚಿಸುವ ಜ್ಯಾಂಗೊವಿನ ವಿಧಿ ಮೊದಲು ರೋಮನ್ ಅಕ್ಷರಗಳನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಕನ್ನಡದ ಶೀರ್ಷಿಕೆಯನ್ನು ಕೊಟ್ಟರೆ ಏನೂ ಉಳಿಯುತ್ತಿರಲಿಲ್ಲ. ೨೦೧೫ರ ೧.೯ನೆಯ ಆವೃತ್ತಿಯಲ್ಲಿ ಇತರ ಲಿಪಿಗಳಿಗೂ ಅವಕಾಶವಾಯಿತು. ಆದರೆ ಅದು ಆಧರಿಸಿದ ಪೈಥಾನ್ ಭಾಷೆಯ ನಿಯಮದಲ್ಲಿ ಸ್ವರಚಿಹ್ನೆಗಳೂ ವಿರಾಮಚಿಹ್ನೆಯಾದ ಹಲಂತವೂ ಅಕ್ಷರಗಳೆಂದು ಗಣಿತವಾಗಿರಲಿಲ್ಲ. ಇದರ ಫಲವಾಗಿ 'ಕನ್ನಡ'ವು 'ಕನನಡ'ವಾಗುತ್ತಿತ್ತು, 'ಕುಮಾರವ್ಯಾಸ'ನು 'ಕಮರವಯಸ'ನಾಗುತ್ತಿದ್ದನು. 'ಮನೆ', 'ಮಾನ', 'ಮೀನು', 'ಮೌನ' ಈ ನಾಲ್ಕೂ 'ಮನ' ಎಂಬ ಒಂದೇ ರೂಪಕ್ಕೆ ಇಳಿಯುತ್ತಿದ್ದುವು. ಬೇರೆಬೇರೆ ದಾಖಲೆಗಳನ್ನು ಬೇರ್ಪಡಿಸಬೇಕಾದ ಗುರುತೇ ಅವುಗಳನ್ನು ಒಂದಾಗಿಸುವುದು ಎಂಥ ವಿಪರ್ಯಾಸವೆಂಬುದನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ ಕನ್ನಡದ ಒಂದೊಂದು ಸಂಕೇತವೂ ಯು.ಟಿ.ಎಫ್.-೮ ಕ್ರಮದಲ್ಲಿ ಮೂರು ಬೈಟುಗಳಾಗಿ, ವಿಳಾಸದ ಸಾಂಪ್ರದಾಯಿಕ ರೂಪದಲ್ಲಿ ಒಂಬತ್ತು ಚಿಹ್ನೆಗಳಾಗುತ್ತದೆ. 'ಕನ್ನಡ' ಎಂಬ ಪದವೊಂದೇ ೪೫ ಚಿಹ್ನೆಗಳನ್ನು ಆಕ್ರಮಿಸುತ್ತದೆ. ಆದಕಾರಣ ಕನ್ನಡದ ದಾಖಲೆಗಳಿಗೆ ಹೆಸರಿಗಿಂತ ಸಂಖ್ಯೆಯನ್ನೇ ಕೀಲಿಯಾಗಿ ಇರಿಸುವುದು ಕ್ಷೇಮವೆಂದು ನಮಗೆ ತೋರುತ್ತದೆ. ಹೆಸರನ್ನು ಅಲಂಕಾರವಾಗಿ ಜೊತೆಗೆ ಸೇರಿಸಬಹುದು. ಭಾರವನ್ನು ಅದರ ಮೇಲೆ ಹೊರಿಸಬಾರದು.

೬

ಸಂಖ್ಯೆಯನ್ನು ಇರಿಸುವುದರಿಂದ ಎಲ್ಲ ತೊಂದರೆಗಳೂ ಪರಿಹಾರವಾಗುವುದಿಲ್ಲ. ವಿಳಾಸದಲ್ಲಿ ೧೭೬ ಎಂದಿರುವುದನ್ನು ಕಂಡವನು ೧೭೭ ಎಂದು ಬರೆದು ನೋಡಬಹುದು. ಪಟ್ಟಿಯಲ್ಲಿ ತನಗೆ ತೋರಿಸದ ದಾಖಲೆ ಆಗ ತೆರೆದುಕೊಂಡರೆ ಗೋಪ್ಯತೆಗೆ ಭಂಗ ಬರುತ್ತದೆ. ಜಾಲದ ಭದ್ರತೆಯನ್ನು ಕುರಿತು ಓವಾಸ್ಪ್ ಸಂಸ್ಥೆ ೨೦೦೭ರಲ್ಲಿ ಪ್ರಕಟಿಸಿದ ಹತ್ತು ಪ್ರಮುಖ ದೋಷಗಳಲ್ಲಿ ಇದು ನಾಲ್ಕನೆಯದಾಗಿತ್ತು. ಕೊಂಡಿಯನ್ನು ಪಟ್ಟಿಯಿಂದ ತೆಗೆದುಬಿಟ್ಟರೆ ದಾಖಲೆ ಮರೆಯಾಯಿತೆಂದು ತಿಳಿಯುವುದು ಭ್ರಮೆ. ದಾಖಲೆಯ ಬಾಗಿಲಿನಲ್ಲಿಯೂ ಅಧಿಕಾರವನ್ನು ಪರೀಕ್ಷಿಸಬೇಕು. ಪತ್ರಾಗಾರಗಳಲ್ಲಿ ಸೂಚಿಯನ್ನು ನೋಡುವ ಅನುಮತಿ ಬೇರೆ, ಕಡತವನ್ನು ತೆರೆಯುವ ಅನುಮತಿ ಬೇರೆ ಎಂಬುದನ್ನು ಬಲ್ಲವರಿಗೆ ಇದು ಹೊಸದಲ್ಲ.

ಇನ್ನು ದಾಖಲೆ ಸ್ಥಳಾಂತರ ಹೊಂದಿದಾಗ ಏನು ಮಾಡಬೇಕೆಂಬ ಪ್ರಶ್ನೆ. ಜಾಲದ ವ್ಯವಹಾರನಿಯಮಗಳಲ್ಲಿ ಇದಕ್ಕೆ ಉತ್ತರವುಂಟು. ೧೯೯೬ರಲ್ಲಿ ಪ್ರಕಟವಾದ ನಿಯಮಾವಳಿಯಲ್ಲಿಯೇ ೩೦೧ ಎಂಬ ಉತ್ತರಕ್ಕೆ 'ಶಾಶ್ವತವಾಗಿ ಸ್ಥಳಾಂತರವಾಗಿದೆ' ಎಂಬ ಅರ್ಥವನ್ನು ಗೊತ್ತುಮಾಡಿದ್ದರು. ಹಳೆಯ ವಿಳಾಸವನ್ನು ಕೇಳಿದವನನ್ನು ಬ್ರೌಸರು ತಾನೇ ಹೊಸ ವಿಳಾಸಕ್ಕೆ ಕೊಂಡೊಯ್ಯುತ್ತದೆ. ೧೯೯೭ರ ನಿಯಮಾವಳಿಯಲ್ಲಿ ೪೧೦ ಎಂಬುದು ಸೇರಿತು. ದಾಖಲೆ ಇತ್ತು, ಈಗ ತೆಗೆಯಲಾಗಿದೆ ಎಂಬುದು ಅದರ ಭಾವ. ಹೊಸ ಸಂಖ್ಯೆಯ ಪಕ್ಕದಲ್ಲಿ ಕಂಸದೊಳಗೆ ಹಳೆಯ ಸಂಖ್ಯೆಯನ್ನು ಬರೆದ ಶಾಸನವಿದ್ವಾಂಸರು ಮಾಡಿದ ಕೆಲಸವೂ ಇದೇ. ಅವರಿಗೆ ಅದನ್ನು ಹೇಳಿಕೊಟ್ಟ ಯಂತ್ರವಿರಲಿಲ್ಲ; ಮುಂದಿನ ಓದುಗನ ಮೇಲಿನ ಕಾಳಜಿ ಇತ್ತು. ಉಪಾಯ ಸಿದ್ಧವಾಗಿದ್ದರೂ ಜಾಲತಾಣಗಳನ್ನು ಹೊಸದಾಗಿ ಕಟ್ಟುವಾಗ ಅನೇಕರು ಅದನ್ನು ಬಳಸುವುದಿಲ್ಲ. ಆಗ ಹಿಂದಿನ ಸಂಶೋಧನ ಲೇಖನಗಳ ಅಡಿಟಿಪ್ಪಣಿಗಳೆಲ್ಲ ಒಂದೇ ದಿನದಲ್ಲಿ ಕುರುಡಾಗುತ್ತವೆ.

ಇಷ್ಟನ್ನು ವಿಚಾರಿಸಿದ ಮೇಲೆ, ವಿಭಾಗಗಳಲ್ಲಿ ಶಾಸನ, ಹಸ್ತಪ್ರತಿ, ಛಾಯಾಚಿತ್ರಗಳ ಪಟ್ಟಿಗಳನ್ನು ಜಾಲಕ್ಕೆ ಏರಿಸಲು ತೊಡಗಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನಿಸಬೇಕಾದ ಅಂಶಗಳನ್ನು ನಾವು ಹೀಗೆ ಸಂಗ್ರಹಿಸಬಹುದು. ಪ್ರತಿಯೊಂದು ದಾಖಲೆಗೂ ಸ್ವಂತ ವಿಳಾಸವಿರಬೇಕು. ಆ ವಿಳಾಸದ ಕೀಲಿ ಸ್ಥಳ, ಜಿಲ್ಲೆ, ಕಪಾಟುಗಳಂಥ ಬದಲಾಗುವ ಸಂಗತಿಗಳನ್ನು ಅವಲಂಬಿಸಬಾರದು. ದಾಖಲೆಯನ್ನು ತೆಗೆದುಹಾಕಿದರೂ ಅದರ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಕೂಡದು. ವಿಳಾಸದ ನಿಯಮ ಒಂದೇ ಕಡೆ ಇರಬೇಕು. ಬದಲಾವಣೆ ಅನಿವಾರ್ಯವಾದಾಗ ಹಳೆಯ ಸಂಖ್ಯೆಯಿಂದ ಹೊಸದಕ್ಕೆ ದಾರಿಯನ್ನು ಉಳಿಸಬೇಕು. ಉಲ್ಲೇಖಿಸುವವರು ಪಟ್ಟಿಯ ಮೂರನೆಯ ಪುಟ ಎಂದು ಬರೆಯದೆ ದಾಖಲೆಯ ವಿಳಾಸವನ್ನೇ ಬರೆಯಬೇಕು; ಏಕೆಂದರೆ ಹೊಸ ದಾಖಲೆಗಳು ಸೇರಿದಂತೆಲ್ಲ ಪಟ್ಟಿಯ ಪುಟಗಳು ಜರುಗುತ್ತಲೇ ಇರುತ್ತವೆ.

ಇವುಗಳಲ್ಲಿ ಯಾವುದೂ ದುಬಾರಿಯಾದುದಲ್ಲ. ಚೌಕಟ್ಟುಗಳು ಸಾಧನವನ್ನು ಒದಗಿಸಿವೆ. ನಿಶ್ಚಯವನ್ನು ಮಾಡಬೇಕಾದವರು ಪಟ್ಟಿಯನ್ನು ಸಿದ್ಧಪಡಿಸುವವರು. ತಾಳಗುಂದದ ಸ್ತಂಭ ಅಲ್ಲಿಯೇ ನಿಂತಿದೆ. ಅದರ ಪಾಠವನ್ನು ಇನ್ನು ನೂರು ವರ್ಷಗಳ ಮೇಲೆ ಓದಬಯಸುವ ವಿದ್ಯಾರ್ಥಿಗೆ ನಾವು ಇಂದು ಕೊಡುವ ಸಂಖ್ಯೆ ದಾರಿಯಾಗುವುದೋ ಅಡ್ಡಿಯಾಗುವುದೋ ಎಂಬುದು ನಮ್ಮ ಎಚ್ಚರವನ್ನು ಅವಲಂಬಿಸಿದೆ.